ಸ್ಪೇನಿಗೆ ಹೋಗದೆ ಬಂದ ಬಣ್ಣ

ಡಿಂಪ್ನಾ ಗಿಲ್ಡೇ ಹಿಂದಿನ ದಿನವೇ ಸ್ಪೇನಿನಿಂದ ವಾಪಸು ಬಂದಿರಬೇಕಿತ್ತು. ಬಂದಿರಲಿಲ್ಲ, ಯಾಕೆಂದರೆ ಹೋಗಿಯೇ ಇರಲಿಲ್ಲ. ಆ ಶನಿವಾರ ಬೆಳಿಗ್ಗೆ ಅವಳು ಐರ್ಲೆಂಡಿನ ಬ್ಯಾಲಿಮೋಟ್‌ನ ತನ್ನ ಮನೆಯ ಬಚ್ಚಲಿನಲ್ಲಿ, ಹರಿದ ಟವೆಲೊಂದನ್ನು ಸುತ್ತಿಕೊಂಡು, ಒಂದು ಕಾಲನ್ನು ಸ್ನಾನದ ತೊಟ್ಟಿಯ ಅಂಚಿನ ಮೇಲಿಟ್ಟು, ಔಷಧಿ ಅಂಗಡಿಯಿಂದ ತಂದ, ಮೈಗೆ ಬಿಸಿಲು ಬಡಿದ ಕಂದು ಬಣ್ಣ ಬರಿಸುವ ಟ್ಯಾನ್ ಬಾಟಲಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದುತ್ತಿದ್ದಳು. ಹೊರಗೆ ಜೂನ್ ತಿಂಗಳ ಮಳೆ ಹಿಡಿದಿತ್ತು. ಒಳಗೆ, ಮುಚ್ಚಳ ಹಾಕಿದ ಕಮೋಡಿನ ಮೇಲೆ, ಎಂಬತ್ತು ದಾಟಿದ ಅವಳ ತಾಯಿ ಬ್ರೈಡಿ ಮಹಾರಾಣಿಯ ಹಾಗೆ ಕೂತಿದ್ದಳು.

"ಏನಂತೆ, ಏನು ಬರ್ದಿದಾರೆ?"

"ಮೊದ್ಲು ಮೈಯೆಲ್ಲ ತಿಕ್ಕಿ ತೊಳೀಬೇಕಂತೆ ಅಮ್ಮ. ಸತ್ತ ಚರ್ಮ ಪೂರ್ತಿ ಹೋಗ್ಬೇಕಂತೆ."

"ಅದೆಲ್ಲ ಹೋದ್ರೆ ನೀನು ಅಂತ ಉಳಿಯೋದೆಷ್ಟು?"

ಡಿಂಪ್ನಾ ನಲ್ಲಿ ತಿರುಗಿಸಿದಳು. ಸಂಜೆಯೊಳಗೆ ಒಂದು ವಾರದ ಬಿಸಿಲು ಮೈಮೇಲೆ ಬಂದು ಕೂರಬೇಕಿತ್ತು. ಅಮ್ಮನ ಮಾತಿಗೆ ಮಾತು ಕೊಡುತ್ತ ನಿಂತರೆ ಅದು ಮುಂದಿನ ವರ್ಷಕ್ಕೂ ಬರುವುದಿಲ್ಲ.

ಈ ಫಜೀತಿಗೆಲ್ಲ ಮೂಲ ಮಜೆಲ್ಲಾ. ಡಿಂಪ್ನಾಳ ಅಕ್ಕ. ಡಬ್ಲಿನ್ನಿನಲ್ಲಿ ದೊಡ್ಡ ಕೆಲಸ, ಅದಕ್ಕಿಂತ ದೊಡ್ಡ ಗಂಟಲು. ಹಾರ್ಡ್‌ವೇರ್ ಅಂಗಡಿಯ ಕೌಂಟರಿಗೂ ಅಮ್ಮನ ಮಾತ್ರೆಡಬ್ಬಿಗೂ ನಡುವೆ ಓಡಾಡುತ್ತಲೇ ಐವತ್ತು ದಾಟಿಬಿಟ್ಟ ತಂಗಿಯನ್ನು ನೆನೆದರೆ ಅವಳ ಕರುಳು ಚುರುಕ್ಕೆನ್ನುತ್ತಿತ್ತು. ಕರುಳು ಚುರುಕ್ಕೆಂದಾಗಲೆಲ್ಲ ಅವಳು ಫೋನ್ ಮಾಡಿ ಬೈಯುತ್ತಿದ್ದಳು. ಈ ಸಲ ಬೈಗುಳಕ್ಕೇ ನಿಲ್ಲಲಿಲ್ಲ. ತಂಗಿಗೆ ಸ್ಪೇನಿನ ಕಡಲ ದಂಡೆಯಲ್ಲಿ ಒಂದು ವಾರ, ಅಮ್ಮನಿಗೆ ಊರ ಹೊರಗಿನ ವೃದ್ಧರ ಆರೈಕೆಮನೆಯಲ್ಲಿ ಅದೇ ವಾರ, ಎರಡನ್ನೂ ತಾನೇ ಗೊತ್ತುಮಾಡಿ ಮುಗಿಸಿದಳು.

"ಒಂದೇ ವಾರ ಡಿಂಪ್ನಾ," ಎಂದಿದ್ದಳು ಫೋನಿನಲ್ಲಿ. "ಒಂದು ವಾರಾನೂ ಅಮ್ಮನ್ನ ಬಿಟ್ಟು ಇರೋಕಾಗ್ಲಿಲ್ಲ ಅಂದ್ರೆ ನಾನು ಸುಮ್ನಿರಲ್ಲ. ಅಲ್ಲೇ ಅವಳಿಗೆ ಖಾಯಂ ಕೋಣೆ ಹಿಡೀತೀನಿ. ಅವಳ ಜೊತೆ ನೀನೂ ಮಣ್ಣಾಗೋದನ್ನ ನೋಡ್ಕೊಂಡು ಕೂರೋಳಲ್ಲ ನಾನು."

ಮಜೆಲ್ಲಾ ಬಾಯಲ್ಲಿ ಬಂದದ್ದನ್ನು ಮಾಡಿಯೇ ತೀರುವವಳು. ಹಾಗಾಗಿ ಡಿಂಪ್ನಾ ಸೂಟ್‌ಕೇಸು ಕಟ್ಟಿದಳು, ಅಮ್ಮನನ್ನು ಆರೈಕೆಮನೆಗೆ ಬಿಟ್ಟಳು. ಮಾರನೆಯ ದಿನ ವಿಮಾನಕ್ಕೆ ಹೊರಟವಳು, ಒಂದೇ ಒಂದು ಸಲ ಇಣುಕಿ ಹೋಗೋಣವೆಂದು ಅಲ್ಲಿಗೆ ಹೋದಳು ನೋಡಿ, ಅಲ್ಲೇ ಕೆಟ್ಟಿತು. ಸಾಲುಕುರ್ಚಿಗಳ ನಡುವೆ ಅಮ್ಮನ ಬಿಳಿತಲೆ ಕಂಡದ್ದೇ ತಡ, ವಿಮಾನ ತನ್ನ ಪಾಡಿಗೆ ತಾನು ಹೋಯಿತು, ಅಮ್ಮ, ಅಮ್ಮನ ಕೋಟು, ಅಮ್ಮನ ಕೋಲು ಮೂರೂ ಕಾರಿನಲ್ಲಿ ಮನೆಗೆ ಬಂದವು. ಆರೈಕೆಮನೆಯಲ್ಲಿ ಸಂಪರ್ಕಕ್ಕೆಂದು ಡಿಂಪ್ನಾಳ ಹೆಸರನ್ನೇ ಕೊಟ್ಟಿದ್ದರಿಂದ ಮಜೆಲ್ಲಾಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ.

ಆಮೇಲೆ ವಾರವಿಡೀ ನಾಟಕ. ಮಜೆಲ್ಲಾಳ ಫೋನ್ ಬಂದಾಗಲೆಲ್ಲ ಡಿಂಪ್ನಾ ಅಡುಗೆಮನೆಯ ನಲ್ಲಿ ತಿರುಗಿಸಿ "ಕೇಳಿಸ್ತಾ, ಸಮುದ್ರ" ಎನ್ನುವಳು. ಅಮ್ಮನ ಮೊಬೈಲಿಗೆ ಫೋನ್ ಬಂದರೆ ಅಮ್ಮ ಅದೇ ಅಡುಗೆಮನೆಯಲ್ಲಿ, ಮಗಳು ಬಡಿಸಿದ್ದನ್ನು ಉಣ್ಣುತ್ತಲೇ, "ಇಲ್ಲಿ ಆಲೂಗಡ್ಡೆ ಪರ್ವಾಗಿಲ್ಲ ಕಣೇ, ಸೂಪ್ ಮಾತ್ರ ಪಾತ್ರೆ ತೊಳೆದ ನೀರು" ಎಂದು ವರದಿ ಒಪ್ಪಿಸುವಳು. ಸೂಪ್ ಮಾಡಿದವಳು ಎದುರಿಗೇ ನಿಂತಿರುತ್ತಿದ್ದಳು. ಬಣ್ಣ ಕಟ್ಟಿ ಮಾತಾಡುವುದು ಅಮ್ಮನಿಗೆ ಹೊಸದಲ್ಲ. ಮೈಗೆ ಬಣ್ಣ ಕಟ್ಟುವ ಯೋಗ ಮಾತ್ರ ಈಗ ಬಂದಿತ್ತು, ಯಾಕೆಂದರೆ ಇವತ್ತು ಸಂಜೆ ಮಜೆಲ್ಲಾ ಖುದ್ದು ಬರುವವಳಿದ್ದಳು. ವಾರವೆಲ್ಲ ಕಡಲ ದಂಡೆಯಲ್ಲಿ ಬಿದ್ದುಕೊಂಡು ಬಂದವಳ ಮೈ ಹಾಲಿನ ಕೆನೆಯ ಹಾಗೆ ಇದ್ದರೆ ಯಾರು ನಂಬುತ್ತಾರೆ?

ಡಿಂಪ್ನಾ ತಿಕ್ಕಿ ತೊಳೆದು ಬಂದಳು. ಮೊಣಕೈ, ಮೊಣಕಾಲು, ಹಿಮ್ಮಡಿ, ಈ ಒರಟು ಜಾಗಗಳು ಬಣ್ಣವನ್ನು ಗಟಗಟ ಕುಡಿದು ಮಸಿಯಾಗುತ್ತವೆಂದು ಅಲ್ಲಿಗೆಲ್ಲ ಮೊದಲು ಕ್ರೀಮ್ ಸವರಿದಳು. ಮಖಮಲ್ಲಿನ ಗವಸಿನೊಳಗೆ ಕೈ ತೂರಿಸಿ, ಬಾಟಲಿಯ ನೊರೆಯನ್ನು ಅದರ ಮೇಲೆ ಹಿಂಡಿ, ಪಾದದಿಂದ ಮೇಲಕ್ಕೆ ದುಂಡುದುಂಡಗೆ ಉಜ್ಜುತ್ತ ಹೊರಟಳು. ಹಚ್ಚಿದ ಕೂಡಲೇ ಕಾಣುವುದು ಸುಳ್ಳು ಬಣ್ಣ, ಎಲ್ಲಿ ಮುಟ್ಟಿದೆ ಎಲ್ಲಿ ಬಿಟ್ಟಿದೆ ಎಂದು ತಿಳಿಯಲಷ್ಟೇ ಅದು. ನಿಜವಾದ ಸುಳ್ಳು ಬಣ್ಣ ನಿಧಾನಕ್ಕೆ ಏಳುತ್ತದೆ. ಅದು ಎದ್ದು ತೊಳೆದುಕೊಳ್ಳುವವರೆಗೆ ಮೈಗೆ ಒಂದು ಹನಿ ನೀರೂ ಸೋಕಬಾರದು. ಬಾಟಲಿಯ ಮೇಲೆ ಇದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದಿದ್ದರು.

"ಇದೇನು, ಚಹಾ ಸೋಸಿದ ಬಟ್ಟೆ ಥರ ಇದೆ," ಎಂದಳು ಅಮ್ಮ.

"ಅಂಗಡಿ ಹುಡುಗಿ ಮಧ್ಯಮದ್ದೇ ತಗೊಳ್ಳಿ ಅಂದ್ಲು. ಅದೇ ಸಹಜವಾಗಿ ಕಾಣುತ್ತಂತೆ."

"ಮಧ್ಯಮ ಅಂದ್ರೆ ಪಕ್ಕದ ಬಂಡೋರನ್ ಬೀಚಿಗೆ ಹೋಗಿ ಮಳೇಲಿ ಐಸ್ ಕ್ರೀಮ್ ತಿಂದು ಬಂದ ಬಣ್ಣ. ನೀನು ಹೋಗಿದ್ದು ಸ್ಪೇನಿಗೆ. ಇನ್ನೊಂದು ಸಲ ಬಳಿ."

"ಜಾಸ್ತಿಯಾದ್ರೆ ಕಿತ್ತಳೆ ಹಣ್ಣಾಗ್ತೀನಿ ಅಮ್ಮ."

"ಸ್ಪೇನಲ್ಲಿ ಕಿತ್ತಳೆ ಹಣ್ಣೇ ಜಾಸ್ತಿಯಂತೆ, ಬಿಡು."

ಕಾಲಾಯಿತು, ಹೊಟ್ಟೆಯಾಯಿತು, ತೋಳಾಯಿತು, ಮುಖವಾಯಿತು. ಬೆನ್ನು ಉಳಿಯಿತು. ಒಂಟಿಯಾಗಿರುವವರಿಗೆ ದೇವರು ಬೆನ್ನನ್ನು ಯಾಕೆ ಕೊಟ್ಟನೋ, ಅಲ್ಲಿಗೆ ತನ್ನ ಕೈ ತನಗೇ ಎಟುಕುವುದಿಲ್ಲ. ಅಮ್ಮ ಎದ್ದು ನಿಂತು ಗವಸು ಹಾಕಿಕೊಂಡು ಎರಡು ಸಲ ಉಜ್ಜಿದಳು, ಆಮೇಲೆ ಅದನ್ನು ಕಿತ್ತು ತೊಟ್ಟಿಯೊಳಗೆ ಎಸೆದಳು. "ಇದನ್ನ ಹಾಕ್ಕೊಂಡ್ರೆ ನೀನೆಲ್ಲಿದೀಯಾ ಅಂತ್ಲೇ ಗೊತ್ತಾಗಲ್ಲ," ಎಂದು ಬರಿಗೈಯಲ್ಲೇ ನೊರೆ ತೆಗೆದುಕೊಂಡಳು.

ಗಂಟುಗಂಟಾದ, ಬೆಚ್ಚಗಿನ ಕೈ. ಹೆಗಲಿನಿಂದ ಸೊಂಟದವರೆಗೆ ಅದು ಅವಸರವಿಲ್ಲದೆ ಇಳಿಯಿತು, ಏರಿತು. ಈ ಕೈ ಆರೈಕೆಮನೆಗೆ ಹೋಗಿಬಿಟ್ಟರೆ ತನ್ನ ಬೆನ್ನು ಮುಟ್ಟುವವರು ಈ ಊರಿನಲ್ಲಿ ಒಬ್ಬರೂ ಇಲ್ಲ ಎಂದು ಡಿಂಪ್ನಾಗೆ ಹೊಳೆಯಿತು, ಹೊಳೆದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಅಮ್ಮ, ಕೈ ಸೋಪು ಹಾಕಿ ಚೆನ್ನಾಗಿ ತೊಳ್ಕೋ."

"ತೊಳೀತೀನಿ, ತೊಳೀತೀನಿ," ಎಂದು ಅಮ್ಮ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಬಣ್ಣ ನಿಜಕ್ಕೂ ಚೆನ್ನಾಗಿ ಏಳತೊಡಗಿತು. ಕಪಾಟಿನ ಕನ್ನಡಿಯಲ್ಲಿ ನೋಡಿಕೊಂಡ ಡಿಂಪ್ನಾಗೆ ತಾನು ಸ್ಪೇನಿಗೆ ಹೋಗಿದ್ದೆನೇನೋ ಎಂದು ಅವಳಿಗೇ ಅನುಮಾನ ಬಂತು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಫ್ರಿಜ್ಜಿನ ಬಾಗಿಲು ತೆರೆದರೆ ಹಾಲಿರಲಿಲ್ಲ.

ಹಾಲಿಲ್ಲದ ಚಹಾವನ್ನು ಮಜೆಲ್ಲಾಳ ಮುಂದೆ ಇಡುವುದು ಆಗದ ಮಾತು. ಹೊರಗೆ ನೋಡಿದರೆ ಮಳೆ. ಆದರೆ ಡಿಂಪ್ನಾ ದಡ್ಡಿಯಲ್ಲ. ಉದ್ದನೆಯ ಮಳೆಕೋಟು ತೊಟ್ಟು ಕುತ್ತಿಗೆಯವರೆಗೆ ಗುಂಡಿ ಹಾಕಿದಳು, ಕೈಗವಸು ಏರಿಸಿದಳು, ರಬ್ಬರ್ ಬೂಟು ಹಾಕಿದಳು, ಅಪ್ಪನ ದೊಡ್ಡ ಕಪ್ಪು ಕೊಡೆಯನ್ನು ಬಾಗಿಲಲ್ಲೇ ಬಿಚ್ಚಿ ಹಿಡಿದಳು. ಮೈಯಲ್ಲಿ ಹೊರಗೆ ಕಾಣುತ್ತಿದ್ದದ್ದು ಮುಖವೊಂದೇ, ಅದೂ ಕೊಡೆಯ ನೆರಳಿನಲ್ಲಿ. ಆಕಾಶದಿಂದ ಒಂದು ಹನಿಯೂ ತನ್ನನ್ನು ಮುಟ್ಟಲು ಸಾಧ್ಯವಿಲ್ಲವೆಂದು ಧೈರ್ಯವಾಗಿ ಹೊಸ್ತಿಲಿಗೆ ಕಾಲಿಟ್ಟಳು.

"ಹೋಗಿ ಬರ್ತೀನಿ ಅಮ್ಮ," ಎಂದು ತಿರುಗಿದಳು.

ಗಿಲ್ಡೇ ಮನೆಯ ಹೊಸ್ತಿಲನ್ನು ತೀರ್ಥ ಬೀಳದೆ ಯಾರೂ ದಾಟಿದ್ದಿಲ್ಲ. ಬಾಗಿಲ ಪಕ್ಕದ ಮೊಳೆಯ ಮೇಲಿನ ಸಣ್ಣ ಹಲಗೆಯಲ್ಲಿ ನಾಕ್ ಕ್ಷೇತ್ರದಿಂದ ತಂದ ತೀರ್ಥದ ಪ್ಲಾಸ್ಟಿಕ್ ಬಾಟಲಿ ಇರುತ್ತಿತ್ತು, ಮೇರಿಮಾತೆಯ ಆಕಾರದ್ದು, ಮಾತೆಯ ನೀಲಿ ಕಿರೀಟವೇ ಅದರ ಮುಚ್ಚಳ. ಪರೀಕ್ಷೆಗೆ ಹೊರಟವರಿಗೂ ಅಮ್ಮ ಅದರಿಂದ ಚಿಮುಕಿಸಿದ್ದಳು, ಮದುವೆಗೆ ಹೊರಟವರಿಗೂ ಚಿಮುಕಿಸಿದ್ದಳು. ಕರೆಂಟು ಮೀಟರು ನೋಡಲು ಬಂದ, ತೀರ್ಥವನ್ನೇ ಒಪ್ಪದ ಪ್ರಾಟೆಸ್ಟಂಟ್ ಮನುಷ್ಯನನ್ನೂ ಬಿಟ್ಟಿರಲಿಲ್ಲ. ಅಮ್ಮನ ಕೈಗೆ ಇದನ್ನು ತಲೆ ಹೇಳಬೇಕಾಗಿರಲಿಲ್ಲ. ಕಿರೀಟ ತಿರುಗಿತು, ಕೈ ಬೀಸಿತು.

"ದೇವ್ರು ಕಾಪಾಡ್ಲಿ ಮಗಳೇ," ಎಂದಳು ಅಮ್ಮ, ಧಾರಾಳವಾಗಿ, ಮುಖದ ತುಂಬ.

ಡಿಂಪ್ನಾಳ ಹಣೆಯಿಂದ ಒಂದು ಹನಿ ಮೂಗಿನ ಪಕ್ಕದಲ್ಲಿ ದಾರಿ ಮಾಡಿಕೊಂಡು ಗದ್ದದವರೆಗೆ ಇಳಿಯಿತು.

"ಅಭ್ಯಾಸ ಕಣೇ," ಎಂದಳು ಅಮ್ಮ, ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು.

"ಅಮ್ಮ, ಮಾತಾಡ್ಬೇಡ. ಒಂದು ಮಾತೂ ಆಡ್ಬೇಡ."

ಒರೆಸಬಾರದಿತ್ತು, ಒರೆಸಿದಳು. ಹನಿ ಬಿದ್ದಲ್ಲಿ ಬೊಟ್ಟಾಗಿದ್ದದ್ದು ಒರೆಸಿದಲ್ಲಿ ಪಟ್ಟೆಯಾಯಿತು. ಹಾಲು ತಂದದ್ದಾಯಿತು, ತೊಳೆದುಕೊಂಡು ನೋಡಿದರೆ ಕುತ್ತಿಗೆಯಿಂದ ಕೆಳಗೆ ಯಾವ ಮಜೆಲ್ಲಾಳೂ ತಪ್ಪು ಹಿಡಿಯಲಾರದ ಸ್ಪೇನು, ಕುತ್ತಿಗೆಯಿಂದ ಮೇಲೆ ಚುಕ್ಕೆಚುಕ್ಕೆಯ ಟರ್ಕಿ ಕೋಳಿಯ ಮೊಟ್ಟೆ. ಅಮ್ಮ ಕನ್ನಡಕ ಏರಿಸಿಕೊಂಡು, ಕಾಲುಚೀಲದ ತೂತು ಹೊಲಿಯುವ ತಾಳ್ಮೆಯಲ್ಲಿ, ಬೆರಳ ತುದಿಯಿಂದ ಒಂದೊಂದೇ ಚುಕ್ಕೆಗೆ ನೊರೆ ತುಂಬಿದಳು. ಚುಕ್ಕೆಗಳು ಮುಚ್ಚಿದವು, ಒಂದೊಂದರ ಸುತ್ತಲೂ ಕಂದು ಬಳೆ ಹುಟ್ಟಿತು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದುಕೊಂಡಿತು.

ಡಿಂಪ್ನಾ ಓಡಿಹೋಗಿ ಕಿಟಕಿಗೆ ಬೆನ್ನು ಹಾಕಿ, ದೀಪ ಆರಿಸಿ ಕೂತಳು. ಮಜೆಲ್ಲಾ ಒಳಗೆ ಬಂದು, ಅಮ್ಮನ ಕೆನ್ನೆಗೆ ಮುತ್ತಿಟ್ಟು, ಕೋಟು ಬಿಚ್ಚಿ, ಮೂಗು ಅರಳಿಸಿದಳು.

"ಏನಿದು ವಾಸನೆ? ಹಾಲಲ್ಲಿ ನೆನೆಸಿದ ಬಿಸ್ಕತ್ತಿನ ಥರ."

"ಬಿಸ್ಕತ್ತು ತಿಂದ್ವಿ," ಎಂದಳು ಡಿಂಪ್ನಾ.

"ಮನೇಲಿ ಬಿಸ್ಕತ್ತೇ ಇಲ್ಲ," ಎಂದಳು ಅಮ್ಮ ಅದೇ ಉಸಿರಿನಲ್ಲಿ.

ಆ ವಾಸನೆ ಯಾವುದೆಂದು ತಿಳಿಯದ ಹೆಂಗಸು ಐರ್ಲೆಂಡಿನಲ್ಲಿ ಹುಟ್ಟಿಲ್ಲ. ಮದುವೆಯ ಹಿಂದಿನ ದಿನ, ಹಬ್ಬದ ಹಿಂದಿನ ದಿನ ಪ್ರತಿ ಮನೆಯ ಹಾಸಿಗೆಯಲ್ಲೂ ಇರುವ ಟ್ಯಾನ್ ವಾಸನೆ ಅದು. ಮಜೆಲ್ಲಾ ಕುರ್ಚಿ ಎಳೆದುಕೊಂಡಳು. ತಂಗಿಯ ತೋಳು ನೋಡಿದಳು, ಕಾಲು ನೋಡಿದಳು.

"ಪರ್ವಾಗಿಲ್ವೇ, ಬಿಸಿಲು ಜೋರಿತ್ತಾ?"

"ಜೋರಿತ್ತು. ಸುಟ್ಟು ಹೋಗ್ತಿತ್ತು."

"ಮುಖಕ್ಕೆ ಮಾತ್ರ ಜಲ್ಲಡಿ ಹಿಡ್ಕೊಂಡಿದ್ಯಾ?"

ಅಮ್ಮನೇ ಮುಂದೆ ಬಿದ್ದಳು. "ಅಲ್ಲಿ ಹುಲ್ಲಿನ ಟೋಪಿ ಕಣೇ, ತೂತು ತೂತು ಇರುತ್ತೆ. ಚಹಾ ಕುಡಿ," ಎಂದು ಬಟ್ಟಲು ಮುಂದೆ ಚಾಚಿದಳು. ಬಟ್ಟಲು ತೆಗೆದುಕೊಳ್ಳಲು ಹೋದ ಮಜೆಲ್ಲಾ ಅಮ್ಮನ ಕೈಯನ್ನೇ ಹಿಡಿದಳು. ತಿರುಗಿಸಿ ನೋಡಿದಳು. ಅಂಗೈ, ಬೆರಳು, ಉಗುರಿನ ಸಂದು, ಎಲ್ಲ ಅಡುಗೆಮನೆಯ ಹಳೆಯ ಬೀರುವಿನ ಬಣ್ಣ. ಮಣಿಕಟ್ಟಿನಿಂದ ಆಚೆಗೆ ಬೆಳ್ಳಗಿನ ತೋಳು.

"ಅಮ್ಮಾ, ನೀನೂ ಸ್ಪೇನಿಗೆ ಹೋಗಿದ್ಯಾ?"

"ನಾನೆಲ್ಲಿ ಹೋಗ್ಲಿ," ಎಂದಳು ಅಮ್ಮ. "ಕೈ ಮಾತ್ರ ಹೋಗಿತ್ತು."

ಮಜೆಲ್ಲಾ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. ಚಹಾ ಚೆಲ್ಲುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಡಿಂಪ್ನಾ ಕೂಡ ಹುಳ್ಳಹುಳ್ಳಗೆ ನಗತೊಡಗಿದ್ದಳು, ಆದರೆ ಮಜೆಲ್ಲಾಳ ನಗು ನಿಂತ ರೀತಿ ಅವಳಿಗೆ ಹಿಡಿಸಲಿಲ್ಲ.

"ಹೋಗ್ಲೇ ಇಲ್ಲ ನೀನು," ಎಂದಳು ಮಜೆಲ್ಲಾ. "ಆ ಸಮುದ್ರ?"

"ನಲ್ಲಿ," ಎಂದಳು ಡಿಂಪ್ನಾ.

"ಒಂದು ವಾರ ಕಣೇ. ನಾನು ಕೇಳಿದ್ದು ಒಂದು ವಾರ. ಸುಳ್ಳು ಹೇಳೋಕೆ ಮೈಗೆಲ್ಲ ಬಳ್ಕೊಂಡ್ಯಲ್ಲ, ಆ ವಿಮಾನ ಹತ್ತೋದು ಇದಕ್ಕಿಂತ ಕಷ್ಟ ಇತ್ತಾ?"

"ಇತ್ತು." ಡಿಂಪ್ನಾ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. "ನಿನಗದು ಅರ್ಥ ಆಗಲ್ಲ ಮಜೆಲ್ಲಾ. ಅವಳನ್ನ ಆ ಕುರ್ಚಿಲಿ ಕೂರಿಸಿ ನಾನು ಬಿಸಿಲಲ್ಲಿ ಬಿದ್ಕೊಳ್ಳೋದು ನನ್ನ ಕೈಲಾಗಲ್ಲ. ಅಮ್ಮ ನನ್ನನ್ನ ಬಿಟ್ಟು ಇರಲ್ಲ. ಖಾಯಂ ಕೋಣೆ ಹಿಡಿದ್ರೆ ಅವಳು ಅಲ್ಲಿ ಒಂದು ತಿಂಗಳೂ ಬದುಕಲ್ಲ. ನೀನು ಮಾಡಿದ್ರೆ ನಾನು ಬಾಗಿಲಿಗೆ ಅಡ್ಡ ಮಲಗ್ತೀನಿ, ನೋಡ್ಕೋ."

ಹಾಗೆ ಅವಳು ಅಕ್ಕನಿಗೆ ಎದುರಾಡಿದ್ದು ಅದೇ ಮೊದಲು. ಮಜೆಲ್ಲಾ ಕೂಡ ಹಿಡಿದ ಪಟ್ಟು ಬಿಡುವವಳಲ್ಲ. ಸೋಮವಾರವೇ ಫೋನ್ ಮಾಡುತ್ತೇನೆ, ಇದು ಅಮ್ಮನ ಪ್ರಶ್ನೆಯಲ್ಲ, ನಿನ್ನ ಬದುಕಿನ ಪ್ರಶ್ನೆ ಎಂದು ದನಿ ಏರಿಸಿದಳು. ಅಮ್ಮ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡುತ್ತ ತನ್ನ ಚಹಾ ಮುಗಿಸಿದಳು. ಬಟ್ಟಲನ್ನು ಸಾಸರಿನ ಮೇಲೆ ಸದ್ದಾಗುವ ಹಾಗೆ ಇಟ್ಟಳು.

"ನನ್ನ ಸುದ್ದಿ ತಾನೇ ಮಾತಾಡ್ತಿರೋದು? ನನ್ನನ್ನ ಯಾರಾದ್ರೂ ಕೇಳಿದ್ರಾ?"

ಉತ್ತರಕ್ಕೆ ಕಾಯದೆ ಅಮ್ಮನೇ ಮುಂದುವರಿಸಿದಳು.

"ಅಲ್ಲಿ ನನ್ನ ಪಕ್ಕದ ಕುರ್ಚಿಲಿ ಕಿಟ್ ಲಾಫ್ಟಸ್ ಅಂತ ಒಬ್ಳಿದ್ಲು. ಇಸ್ಪೀಟಲ್ಲಿ ಮೋಸ ಮಾಡ್ತಾಳೆ. ಮೊದಲ್ನೇ ಸಂಜೆ ನಾನು ಅವಳಿಗಿಂತ ಜಾಸ್ತಿ ಮೋಸ ಮಾಡಿ ಗೆದ್ದೆ. ಅಷ್ಟು ನಕ್ಕಿದ್ದು ನಿಮ್ಮಪ್ಪ ಸತ್ತ ಮೇಲೆ ಅದೇ ಮೊದಲು. ಮಾರನೇ ದಿನ ಅವಳು ಸೇಡು ತೀರಿಸ್ಕೊಳ್ಳೋಕೆ ಎಲೆ ಹಂಚ್ತಾ ಇದ್ಲು. ನನ್ನ ಕೈಗೆ ಒಳ್ಳೆ ಎಲೆ ಬಿದ್ದಿತ್ತು. ತಲೆ ಎತ್ತಿದ್ರೆ ಬಾಗಿಲಲ್ಲಿ ಇವಳು. ಸೂಟ್‌ಕೇಸು ಹಿಡ್ಕೊಂಡು, ಸ್ಕೂಲಿಗೆ ಬಿಟ್ಟ ಮೊದಲ್ನೇ ದಿನ ಮಕ್ಕಳು ಅಳ್ತಾವಲ್ಲ, ಹಾಗೆ ಅಳ್ತಾ ನಿಂತಿದ್ಲು."

"ಅಮ್ಮ," ಎಂದಳು ಡಿಂಪ್ನಾ. "ಮನೆಗೆ ಕರ್ಕೊಂಡು ಹೋಗು ಅಂತ ನೀನೇ ತಾನೇ ಅಂದಿದ್ದು?"

"ಅಂದೆ. ಇನ್ನೇನನ್ನಲಿ? ಅಳೋ ಮಗೂನ ಬಾಗಿಲಲ್ಲಿ ನಿಲ್ಲಿಸಿ ಇಸ್ಪೀಟಾಡೋಕಾಗುತ್ತಾ?"

ಡಿಂಪ್ನಾಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ದಿನ ತಾನು ಅಮ್ಮನನ್ನು ಕಾಪಾಡುತ್ತಿದ್ದೇನೆಂದು ನಂಬಿದ್ದಳು. ವಾರವೆಲ್ಲ ಅಮ್ಮ ತನ್ನ ಇಸ್ಪೀಟು ಬಿಟ್ಟು ಬಂದು ಅವಳನ್ನು ಸಮಾಧಾನ ಮಾಡುತ್ತ ಕೂತಿದ್ದಳು. ನೋವಾಯಿತು, ನಾಚಿಕೆಯೂ ಆಯಿತು. ಚುಕ್ಕೆಚುಕ್ಕೆಯ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಮಜೆಲ್ಲಾ ಎದ್ದು ಬಂದು ತಂಗಿಯ ಕುರ್ಚಿಯ ಪಕ್ಕ ನಿಂತು, ಅವಳ ಹೆಗಲ ಮೇಲೆ ಕೈಯಿಟ್ಟಳು.

"ಸೆಪ್ಟೆಂಬರಲ್ಲಿ ನಾನು ಅಲ್ಲಿಗೆ ಒಂದು ವಾರ ಹೋಗ್ತೀನಿ," ಎಂದಳು ಅಮ್ಮ. "ಒಂದೇ ವಾರ. ಖಾಯಂ ಕೋಣೆ ಬೇಕು ಅನ್ನಿಸಿದ ದಿನ ನಾನೇ ಹೇಳ್ತೀನಿ, ನನಗಿನ್ನೂ ಬಾಯಿದೆ. ಮಜೆಲ್ಲಾ, ನೀನು ಯಾರಿಗೂ ಫೋನ್ ಮಾಡಕೂಡದು. ನೀವಿಬ್ರೂ ಒಟ್ಟಿಗೆ ಸ್ಪೇನಿಗೆ ಹೋಗಿ, ಅಲ್ಲೇ ಜಗಳ ಆಡ್ಕೊಳ್ಳಿ. ನನ್ನ ಕಿವಿಗೂ ರಜ ಬೇಕು."

"ನಾನು ಬರೋಷ್ಟರಲ್ಲಿ ನಿನಗೇನಾದ್ರೂ ಆದ್ರೆ?" ಕೈಗಳ ಒಳಗಿನಿಂದಲೇ ಡಿಂಪ್ನಾ ಕೇಳಿದಳು.

ಅಮ್ಮ ತಮಾಷೆಯ ಮಾತು ಹುಡುಕುತ್ತಿದ್ದಾಳೆಂದು ಇಬ್ಬರೂ ಕಾದರು.

"ಆದ್ರೆ ಆಗುತ್ತೆ ಕಣಮ್ಮ. ನೀನು ಪಕ್ಕದಲ್ಲೇ ಕೂತಿದ್ರೂ ಆಗುತ್ತೆ. ಆಮೇಲೆ ನೀನೊಬ್ಳೇ ಹೇಗಿರ್ತೀಯ ಅನ್ನೋದೊಂದೇ ನನಗೆ ಯೋಚ್ನೆ. ಅದಕ್ಕೇ ಹೇಳೋದು, ನಾನಿರೋವಾಗ್ಲೇ ಒಂದೊಂದು ವಾರ ರೂಢಿ ಮಾಡ್ಕೋ."

ಮಳೆ ಕಿಟಕಿಗೆ ಹೊಡೆಯುತ್ತಿತ್ತು. ಮಜೆಲ್ಲಾಳ ಕೈ ಇನ್ನೂ ತಂಗಿಯ ಹೆಗಲ ಮೇಲಿತ್ತು. ಡಿಂಪ್ನಾ ಮೂಗು ಒರೆಸಿಕೊಂಡು ಅಕ್ಕನ ಕಡೆ ತಿರುಗಿದಳು.

"ಸೆಪ್ಟೆಂಬರಲ್ಲಿ ಅಲ್ಲಿ ಬಿಸಿಲಿರುತ್ತಾ?"

"ಇರುತ್ತೆ," ಎಂದಳು ಮಜೆಲ್ಲಾ.